ಒಲೆ ಮುಂದಿನ ಅಜ್ಜಿ

ಕಳೆದ ಮಳೆಗಾಲದಲ್ಲಿ ಕೊಪ್ಪದಿಂದ ದೊಡ್ಡಪ್ಪನ ಫೋನ್ ಬಂತು. ದೊಡ್ಡಪ್ಪ ಫೋನ್ ಮಾಡೋದೇ ಅಪರೂಪ. ಮಾಡಿದರೂ ಅಡಿಕೆ ರೇಟು, ಎಷ್ಟು ಇಂಚು ಮಳೆ, ನಿಮ್ಮಲ್ಲಿ ನಲ್ಲಿ ನೀರು ಬರ್ತಾ ಇದ್ಯಾ, ಇಷ್ಟರಲ್ಲಿ ಮುಗಿಯತ್ತೆ. ಈ ಸಲ ನೇರ ವಿಷಯಕ್ಕೇ ಬಂದರು. "ಅಮ್ಮನ ಫೋಟೊಕ್ಕೆ ಬೂಷ್ಟು ಹಿಡಿದಿದೆ ಮಾರಾಯ. ಅರ್ಧ ಮುಖ ಹೋಗಿದೆ. ತಿಥಿಗೆ ಇನ್ನು ಮೂರು ವಾರ. ನಿನ್ನ ಹತ್ರ ಇರತ್ತಲ್ಲ, ಇನ್ನೊಂದು ಹಾಕಿಸಿಕೊಂಡು ಬಾ."

"ಇದೆ ದೊಡ್ಡಪ್ಪ, ಎಲ್ಲ ಬ್ಯಾಕಪ್ ಇದೆ" ಅಂದೆ, ಸ್ವಲ್ಪ ಜಂಬದಿಂದಲೇ. ಯಾಕಂದ್ರೆ ನಿಜವಾಗಲೂ ಇತ್ತು. ಎರಡು ಹಾರ್ಡ್ ಡಿಸ್ಕ್, ಅದರ ಮೇಲೊಂದು ಕ್ಲೌಡ್. ವರ್ಷ, ತಿಂಗಳು, ಊರು ಅಂತ ಫೋಲ್ಡರ್. ಆಫೀಸಿನಲ್ಲಿ ಬ್ಯಾಕಪ್ ಬಗ್ಗೆ ಜೂನಿಯರ್‌ಗಳಿಗೆ ಭಾಷಣ ಬಿಗಿಯುವವನು ನಾನು. ಹತ್ತು ನಿಮಿಷದ ಕೆಲಸ ಅಂದುಕೊಂಡು ರಾತ್ರಿ ಊಟ ಆದಮೇಲೆ ಕೂತೆ.

ಆ ಫೋಟೊ ಬಗ್ಗೆ ಸ್ವಲ್ಪ ಹೇಳಬೇಕು. 2009ರ ಆಷಾಢ. ಮೊದಲ ಕೆಲಸದ ಮೊದಲ ಬೋನಸ್ ಪೂರ್ತಿ ಸುರಿದು ಒಂದು ಡಿಎಸ್‌ಎಲ್‌ಆರ್ ತಗೊಂಡಿದ್ದೆ. ಬೆಂಗಳೂರಿನಲ್ಲಿ ಆಗ ಪ್ರತಿ ಸಾಫ್ಟ್‌ವೇರ್ ಇಂಜಿನಿಯರ್ ಹೆಗಲಿಗೂ ಒಂದು ಕ್ಯಾಮೆರಾ ನೇತಾಡುತ್ತಿದ್ದ ಕಾಲ. ಶನಿವಾರ ಬಂತು ಅಂದ್ರೆ ಲಾಲ್‌ಬಾಗ್‌ನ ಹೂವುಗಳಿಗೆ ಉಸಿರಾಡೋಕೆ ಬಿಡ್ತಿರಲಿಲ್ಲ ನಾವು. ಅದನ್ನು ಹೆಗಲಿಗೇರಿಸಿಕೊಂಡು ಊರಿಗೆ ಹೋದಾಗ ಅಜ್ಜಿ ಅಡುಗೆಮನೆಯಲ್ಲಿ ಸೌದೆ ಒಲೆ ಮುಂದೆ ಕೂತು ಊದುಗೊಳವೆಯಲ್ಲಿ ಬೆಂಕಿ ಊದ್ತಾ ಇದ್ದಳು. ಒಂದು ಕೆನ್ನೆಗೆ ಬೆಂಕಿಯ ಕೆಂಪು, ಇನ್ನೊಂದು ಕೆನ್ನೆಗೆ ಕಿಟಕಿಯಿಂದ ಮಳೆಯ ನೀಲಿ ಬೆಳಕು. ನಡುವೆ ಹೊಗೆ. "ನಂದೆಂಥ ಫೋಟೊ, ಸೀರೆನೂ ಬದಲಾಯಿಸಿಲ್ಲ" ಅಂತ ತಲೆ ಎತ್ತಿದ್ದಳು ನೋಡಿ, ಆಗ ಒತ್ತಿದೆ. 2011ರಲ್ಲಿ ಅಜ್ಜಿ ಹೋದಾಗ ಅದನ್ನೇ ದೊಡ್ಡದು ಮಾಡಿಸಿ ನಡುಮನೆಗೆ ಹಾಕಿದ್ದು. ಬಂದವರೆಲ್ಲ, ಮಾತಾಡಿಸೋ ಹಾಗಿದೆ ಅಂತಿದ್ದರು. ನಾನು ಜೀವಮಾನದಲ್ಲಿ ತೆಗೆದ ಒಂದೇ ಒಳ್ಳೆ ಫೋಟೊ ಅದು ಅಂತ ನನ್ನ ಹೆಂಡತಿಯೂ ಒಪ್ಪುತ್ತಾಳೆ. ಆ "ಒಂದೇ" ಅನ್ನೋ ಪದದ ಮೇಲೆ ಅವಳು ಹಾಕುವ ಒತ್ತು ಮಾತ್ರ ಜಾಸ್ತಿ.

ಫೋಲ್ಡರ್ ಸಿಕ್ಕಿತು. ಫೈಲ್ ಸಿಕ್ಕಿತು. ಆದರೆ ಅದು ರಾ ಫೈಲ್.

ಗೊತ್ತಿಲ್ಲದವರಿಗೆ ಒಂದು ಮಾತು. ಕ್ಯಾಮೆರಾ ಕೊಡುವ ಜೆಪೆಗ್ ಅನ್ನೋದು ಹೋಟೆಲ್ ಕಾಫಿ ಇದ್ದ ಹಾಗೆ, ಬೆರೆಸಿ ಆಗಿದೆ, ಸಕ್ಕರೆ ಜಾಸ್ತಿ ಆಯ್ತು ಅಂದ್ರೆ ತೆಗೆಯೋಕೆ ಬರಲ್ಲ. ರಾ ಅಂದರೆ ಡಿಕಾಕ್ಷನ್. ಸೆನ್ಸರ್ ಮೇಲೆ ಎಷ್ಟು ಬೆಳಕು ಬಿತ್ತೋ ಅಷ್ಟರ ಲೆಕ್ಕ, ಅಷ್ಟೇ. ಅದಿನ್ನೂ ಚಿತ್ರವೇ ಅಲ್ಲ. ಸೆನ್ಸರಿಗೆ ಬಣ್ಣ ಗೊತ್ತಿಲ್ಲ. ಪ್ರತಿ ಚುಕ್ಕಿಯ ಮೇಲೂ ಒಂದೊಂದು ಬಣ್ಣದ ಕನ್ನಡಕ ಇರತ್ತೆ, ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ ಅನ್ನುವವರು 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇದು, ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿ ಅದೇ. ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಉಳಿದ ಬಣ್ಣ ಊಹಿಸಿ ಚಿತ್ರ ಮಾಡೋದು ಸಾಫ್ಟ್‌ವೇರ್ ಕೆಲಸ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು. ನನ್ನ ಹಳೇ ಕ್ಯಾಮೆರಾದ 12 ಬಿಟ್ ರಾ ಫೈಲಿನಲ್ಲಿ 4096. ಹೊಗೆ ತುಂಬಿದ ಅಡುಗೆಮನೆಯ ಕತ್ತಲಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಇಷ್ಟೆಲ್ಲ ಓದಿಕೊಂಡೇ ನಾನು ರಾದಲ್ಲಿ ತೆಗೆದಿದ್ದು. ಆಮೇಲೆ ಆಗ ಎಲ್ಲರೂ ಹೊಗಳುತ್ತಿದ್ದ ಒಂದು ಸಾಫ್ಟ್‌ವೇರ್ ಕಾಸು ಕೊಟ್ಟು ತಗೊಂಡು, ಮೂರು ರಾತ್ರಿ ಕೂತು ಅಜ್ಜಿಯ ಮುಖದ ಎರಡು ಬೆಳಕನ್ನೂ ಹದಕ್ಕೆ ತಂದಿದ್ದೆ. ಆ ಸಾಫ್ಟ್‌ವೇರ್ ಮೂಲ ಫೈಲನ್ನು ಮುಟ್ಟುತ್ತಿರಲಿಲ್ಲ. ನಾನು ಮಾಡಿದ ತಿದ್ದುಪಡಿಗಳನ್ನೆಲ್ಲ ತನ್ನದೇ ಒಂದು ಕ್ಯಾಟಲಾಗ್ ಒಳಗೆ ಸೂಚನೆಗಳಾಗಿ ಬರೆದಿಟ್ಟುಕೊಳ್ಳುತ್ತಿತ್ತು. ಇದು ದೊಡ್ಡ ಗುಣ ಅಂತಲೇ ಜಾಹೀರಾತಿತ್ತು, ಗುಣ ಹೌದು ಕೂಡ.

ಈಗ ಕ್ಯಾಟಲಾಗ್ ಇದೆ. ಸಾಫ್ಟ್‌ವೇರಿನ ಇನ್‌ಸ್ಟಾಲರ್ ಕೂಡ ಇದೆ. ಹಳೇ ಮೇಲ್‌ನಲ್ಲಿ ಲೈಸೆನ್ಸ್ ಕೀ ಸಹ ಇದೆ. ಹೊಸ ಲ್ಯಾಪ್‌ಟಾಪ್ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅಟ್ಟದಿಂದ ಹಳೇ ಲ್ಯಾಪ್‌ಟಾಪ್ ಇಳಿಸಿ ಅದರಲ್ಲಿ ಹಾಕಿದೆ. ಹಾಕಿಕೊಂಡಿತು. ಕೀ ಕೇಳಿತು. ಕೊಟ್ಟೆ. ಸರ್ವರ್ ಜೊತೆ ಮಾತಾಡಿ ಖಚಿತ ಮಾಡ್ಕೋತೀನಿ ಅಂತು. ಸುತ್ತಿತು, ಸುತ್ತಿತು. ಆ ಸರ್ವರ್ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಕಂಪನಿಯ ಹೆಸರು ಹೇಳಲ್ಲ. ಹೇಳಿ ಪ್ರಯೋಜನವೂ ಇಲ್ಲ. ಸಹಾಯ ಪುಟದಲ್ಲಿ ಒಂದೇ ಸಾಲು, ಈ ಉತ್ಪನ್ನಕ್ಕೆ ಬೆಂಬಲ ನಿಂತಿದೆ ಅಂತ.

ಇಂಜಿನಿಯರ್ ಅಲ್ವಾ, ಸುಮ್ಮನೆ ಬಿಡ್ತೀನಾ? ಕ್ಯಾಟಲಾಗ್ ಫೈಲನ್ನೇ ಬಿಚ್ಚಿ ನೋಡಿದೆ. ಬರೀ ಬೈನರಿ ಕಸ. ಯುನಿಕೋಡ್ ಬರುವ ಮುಂಚೆ ಕನ್ನಡದಲ್ಲಿ ಟೈಪ್ ಮಾಡಿದವರಿಗೆ ಈ ದೃಶ್ಯ ಗೊತ್ತಿರತ್ತೆ. ಒಂದೊಂದು ಫಾಂಟಿಗೆ ಒಂದೊಂದು ಸಂಕೇತ ಇದ್ದ ಕಾಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮದುವೆಯ ಕರೆಯೋಲೆಯೂ ಪ್ರಶ್ನೆಚಿಹ್ನೆ, ಡಾಲರ್ ಗುರುತು, ತಲೆಕೆಳಗಾದ ಅಕ್ಷರಗಳ ರಾಶಿ. ಬರೆದವರು ನಾವೇ, ಫೈಲು ನಮ್ಮದೇ, ಓದೋಕೆ ಮಾತ್ರ ಇನ್ನೊಬ್ಬರ ಕನ್ನಡಕ ಬೇಕು. ಆ ಕನ್ನಡಕ ಮಾರುವವನ ಅಂಗಡಿ ಬಾಗಿಲು ಹಾಕಿದ್ರೆ ಕಥೆ ಮುಗೀತು.

ರಾತ್ರಿ ಒಂದೂವರೆ. ಅಡ್ಡದಾರಿಗಳು ಒಂದೂ ಇರಲಿಲ್ಲ. ಜೆಪೆಗ್ ಮಾಡಿ ಒಂದು ಸೋಶಿಯಲ್ ಸೈಟಿಗೆ ಹಾಕಿದ್ದೆ, ಅದು ಮುಚ್ಚಿದೆ. ಪ್ರಿಂಟಿಗೆ ಕೊಟ್ಟ ಪೆನ್ ಡ್ರೈವ್ ಆ ಸ್ಟುಡಿಯೋದಲ್ಲೇ ಉಳಿದು ಹೋಗಿತ್ತು, ಆ ಸ್ಟುಡಿಯೋ ಈಗ ಮೊಬೈಲ್ ಅಂಗಡಿ. ಉಳಿದ ಒಂದೇ ಪ್ರತಿ ಅಂದ್ರೆ ಕೊಪ್ಪದ ಗೋಡೆ ಮೇಲೆ ಬೂಷ್ಟು ಹಿಡಿದದ್ದು. ದೊಡ್ಡಪ್ಪನಿಗೆ ಏನು ಹೇಳೋದು? "ಬ್ಯಾಕಪ್ ಇದೆ, ಅಜ್ಜಿ ಇಲ್ಲ" ಅಂತಲಾ?

ಮಾರನೇ ದಿನ ಬೇರೆ ದಾರಿ ಹಿಡಿದೆ. ತಿದ್ದಿದ್ದು ಹೋಗಲಿ, ರಾ ಫೈಲ್ ಆದರೂ ತೆರೆಯುತ್ತಾ ನೋಡೋಣ ಅಂತ ರಾಥೆರಪಿ ಅನ್ನೋ ಸಾಫ್ಟ್‌ವೇರ್ ಇಳಿಸಿಕೊಂಡೆ. ಗಾಬರ್ ಹೊರ್ವಾತ್ ಅನ್ನುವವರು ಶುರು ಮಾಡಿದ್ದು, 2010ರಲ್ಲಿ ಜಿಪಿಎಲ್ ಪರವಾನಗಿ ಕೊಟ್ಟು ಲೋಕಕ್ಕೆ ಬಿಟ್ಟರು, ಅಲ್ಲಿಂದ ಸ್ವಯಂಸೇವಕರು ನಡೆಸಿಕೊಂಡು ಬಂದಿದ್ದಾರೆ. ಕಾಸಿಲ್ಲ, ಕೀ ಇಲ್ಲ, ಸರ್ವರ್ ಇಲ್ಲ. ನನ್ನ ಕ್ಯಾಮೆರಾ ಮಾಡಿದ ಕಂಪನಿ ತನ್ನ ರಾ ಫೈಲಿನ ರಚನೆ ಏನು ಅಂತ ಎಲ್ಲೂ ಬಹಿರಂಗವಾಗಿ ಬರೆದು ಕೊಟ್ಟಿಲ್ಲ. ಹಾಗಾಗಿ ಹೆಚ್ಚು ಆಸೆ ಇಟ್ಟುಕೊಂಡಿರಲಿಲ್ಲ.

ತೆರೆಯಿತು. ಎರಡು ಸೆಕೆಂಡಿನಲ್ಲಿ. ಅಜ್ಜಿ ತಲೆ ಎತ್ತಿ ನೋಡ್ತಿದ್ದಳು.

ಬಣ್ಣ ಎಲ್ಲ ಎಡವಟ್ಟಾಗಿತ್ತು, ಕತ್ತಲಾಗಿತ್ತು, ಆದರೆ ಅಜ್ಜಿ ಇದ್ದಳು. ಕಂಪನಿ ಹೇಳದೇ ಇದ್ದದ್ದು ಇವರಿಗೆ ಹೇಗೆ ಗೊತ್ತಾಯ್ತು ಅಂತ ಕೆದಕ್ತಾ ಹೋದರೆ ಬೇರುಗಳೆಲ್ಲ ಒಬ್ಬ ಮನುಷ್ಯನ ಹತ್ತಿರ ಹೋಗಿ ನಿಲ್ಲುತ್ತವೆ. ಅಮೆರಿಕದ ಡೇವ್ ಕಾಫಿನ್. (ಹೌದು, ಡಿಕಾಕ್ಷನ್ ಕಥೆಗೆ ಹೊಂದೋ ಹೆಸರೇ, ನಾನು ಕಟ್ಟಿದ್ದಲ್ಲ.) 1997ರಲ್ಲಿ ಡಿಸಿರಾ ಅನ್ನೋ ಪ್ರೋಗ್ರಾಂ ಬರೆಯೋಕೆ ಶುರು ಮಾಡಿದರು. ಯಾವ ಕ್ಯಾಮೆರಾದ ರಾ ಫೈಲ್ ಆದರೂ ಸರಿ, ಯಾವ ಕಂಪ್ಯೂಟರ್ ಆದರೂ ಸರಿ, ತೆರೆಯಬೇಕು ಅನ್ನೋದು ಅವರ ಹಟ. ಸಿ ಭಾಷೆಯಲ್ಲಿ ಬರೆದ ಒಂದೇ ಒಂದು ಫೈಲು. ಹೊಸ ಕ್ಯಾಮೆರಾ ಬಂದಾಗಲೆಲ್ಲ ಅದರ ಫೈಲನ್ನು ಬಿಟ್ ಬಿಟ್ ಬಿಚ್ಚಿ, ಒಗಟು ಒಡೆದು, ನಾಲ್ಕು ಸಾಲು ಸೇರಿಸೋದು. ಹೀಗೇ ಇಪ್ಪತ್ತು ವರ್ಷ, ನೂರಾರು ಕ್ಯಾಮೆರಾ. ಕೊನೆಯ ಆವೃತ್ತಿ ಬಂದದ್ದು 2018ರಲ್ಲಿ. ಆ ಕೋಡಿನ ಮೇಲೆ ಕಟ್ಟಿದ ಲಿಬ್‌ರಾ ಮುಂತಾದವು ಈಗ ಆ ಕೆಲಸ ಮುಂದುವರಿಸುತ್ತಿವೆ. ಎಷ್ಟೋ ಫೋಟೊ ಸಾಫ್ಟ್‌ವೇರ್‌ಗಳ ಹೊಟ್ಟೆಯೊಳಗೆ ಈ ಮನುಷ್ಯನ ಸಾಲುಗಳಿವೆ. ಅಜ್ಜಿಯ ಹೆಸರು ಕೂಡ ಕೇಳಿರದ ಒಬ್ಬರು ಅಜ್ಜಿಯನ್ನು ಕಾಯ್ದಿಟ್ಟಿದ್ದರು.

ಇದೇನು ಯಾರೂ ತಡೆಯದ ಸಮಾಜಸೇವೆ ಅಂದುಕೊಳ್ಳಬೇಡಿ. 2005ರ ಒಂದು ಜಗಳ ಇದೆ, ಓದಿದಾಗ ನನಗೆ ನಗುವೂ ಬಂತು, ಮೈಯೂ ಉರಿಯಿತು. ನಿಕಾನ್ ತನ್ನ ಡಿ2ಎಕ್ಸ್ ಕ್ಯಾಮೆರಾದ ರಾ ಫೈಲಿನಲ್ಲಿ ವೈಟ್ ಬ್ಯಾಲೆನ್ಸ್ ಮಾಹಿತಿಯನ್ನು ಗೂಢಲಿಪಿಯಲ್ಲಿ ಬರೆಯತೊಡಗಿತು. ವೈಟ್ ಬ್ಯಾಲೆನ್ಸ್ ಅಂದ್ರೆ ಮಹಾ ರಹಸ್ಯ ಏನಲ್ಲ. ಈ ಬೆಳಕಿನಲ್ಲಿ ಬಿಳಿ ಹೇಗೆ ಕಂಡಿತು, ಕೆಂಪನ್ನು ಎಷ್ಟರಿಂದ ಗುಣಿಸಬೇಕು, ನೀಲಿಯನ್ನು ಎಷ್ಟರಿಂದ ಅನ್ನೋ ಒಂದೆರಡು ಅಂಕಿ. ಫೋಟೊಶಾಪ್ ಹುಟ್ಟುಹಾಕಿದವರಲ್ಲಿ ಒಬ್ಬರಾದ ಥಾಮಸ್ ನೋಲ್ ಬಹಿರಂಗವಾಗಿಯೇ ಆಕ್ಷೇಪ ಎತ್ತಿದರು. ಆ ಗೂಢಲಿಪಿ ಒಡೆದರೆ ಅಮೆರಿಕದ 1998ರ ಡಿಜಿಟಲ್ ಕಾಪಿರೈಟ್ ಕಾಯಿದೆ ಅಡಿಯಲ್ಲಿ ಕೋರ್ಟಿಗೆ ಎಳೆಸಿಕೊಳ್ಳಬೇಕಾದೀತು ಅನ್ನೋ ಅಳುಕು ಅಡೋಬಿಯಂಥ ದೊಡ್ಡ ಕಂಪನಿಗೇ ಇತ್ತು. ಅರ್ಹ ಡೆವಲಪರ್‌ಗಳಿಗೆ ನಮ್ಮ ಕಿಟ್ ಉಚಿತವಾಗಿ ಕೊಡ್ತೀವಲ್ಲ, ಅದನ್ನು ಬಳಸಲಿ ಅನ್ನೋದು ನಿಕಾನ್ ವಾದ. ಅರ್ಹತೆ ತೀರ್ಮಾನ ಮಾಡೋದು ಯಾರು ಅಂತ ಕೇಳಬೇಡಿ. ಅತ್ತ ಕಾಫಿನ್ ಅದನ್ನು ಒಡೆದು ಡಿಸಿರಾಕ್ಕೆ ಸೇರಿಸಿಯೇ ಬಿಟ್ಟರು.

ಯೋಚಿಸಿ: ಫೋಟೊ ತೆಗೆದವನು ಬೇರೆ, ಬೆಳಕು ಯಾರಪ್ಪನ ಸೊತ್ತೂ ಅಲ್ಲ, ಆ ಬೆಳಕಿನ ಬಣ್ಣದ ಅಂಕಿಗೆ ಬೀಗ.

ಹಿಂದೆ ಹೀಗಿರಲಿಲ್ಲ ಅಂತ ಹಳೇ ಕಾಲ ಹೊಗಳೋಕೂ ನನಗೆ ಮನಸ್ಸಿಲ್ಲ. ಫಿಲಂ ಕಾಲದಲ್ಲಿ ಎರಡೂ ಇತ್ತು. ಕೊಪ್ಪದ ಸ್ಟುಡಿಯೋಗೆ ಕೊಡಕ್ ರೋಲ್ ತಗೊಂಡು ಹೋದರೂ, ಕೊನಿಕಾ ತಗೊಂಡು ಹೋದರೂ, ಫ್ಯೂಜಿ ತಗೊಂಡು ಹೋದರೂ ತೊಳೆದು ಕೊಡುತ್ತಿದ್ದರು. ಕಾರಣ, ಕೊಡಕ್ 1972ರಲ್ಲಿ ತಂದ ಸಿ-41 ಅನ್ನೋ ತೊಳೆಯುವ ವಿಧಾನಕ್ಕೆ ಉಳಿದವರೂ ಹೊಂದಿಕೊಂಡಿದ್ದರು. ಫ್ಯೂಜಿ ಅದನ್ನು ಸಿಎನ್-16 ಅಂದಿತು, ಕೊನಿಕಾ ಇನ್ನೇನೋ ಹೆಸರಿಟ್ಟಿತು, ರಾಸಾಯನಿಕದ ತೊಟ್ಟಿ ಮಾತ್ರ ಒಂದೇ. ನೆಗೆಟಿವ್ ಕೈಯಲ್ಲಿದ್ದರೆ ಯಾವ ಊರಿನ ಯಾವ ಸ್ಟುಡಿಯೋಗೆ ಬೇಕಾದರೂ ಹೋಗಬಹುದಿತ್ತು. ಅದೇ ಕೊಡಕ್‌ನ ಕೊಡಾಕ್ರೋಮ್ ನೋಡಿ. 1935ರಿಂದ ಬಂದ ಫಿಲಂ, ಬಣ್ಣಕ್ಕೆ ಜಗತ್ಪ್ರಸಿದ್ಧ. ಬಣ್ಣ ಆ ಫಿಲಂ ಒಳಗೆ ಇರುವುದಿಲ್ಲ, ತೊಳೆಯುವಾಗ ಸೇರಿಸಬೇಕು. ಅದರ ವಿಧಾನವೇ ಬೇರೆ, ತುಂಬಾ ತೊಡಕಿನದು. ಒಂದೊಂದೇ ಲ್ಯಾಬ್ ಮುಚ್ಚಿ ಕೊನೆಗೆ ಇಡೀ ಲೋಕಕ್ಕೆ ಉಳಿದದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಅನ್ನೋ ಚಿಕ್ಕ ಊರಿನ ಡ್ವೇನ್ಸ್ ಫೋಟೊ ಒಂದೇ. ಕಾರ್ಖಾನೆಯ ಕೊನೆಯ ರೋಲನ್ನು ಸ್ಟೀವ್ ಮೆಕರಿಗೆ ಕೊಟ್ಟರು. ಅವರು ಅದರಲ್ಲಿ ಒಂದಷ್ಟು ಚಿತ್ರಗಳನ್ನು ಮುಂಬಯಿ, ರಾಜಸ್ಥಾನಗಳಲ್ಲಿ ತೆಗೆದು, ತೊಳೆಸೋಕೆ ಪಾರ್ಸನ್ಸ್‌ಗೇ ಹೋಗಬೇಕಾಯಿತು. 2010ರ ಕೊನೆಗೆ ಆ ಲ್ಯಾಬೂ ಆ ಕೆಲಸ ನಿಲ್ಲಿಸಿತು. ಆಮೇಲೂ ಯಾರದ್ದೋ ಅಟ್ಟದಲ್ಲಿ ತೊಳೆಸದ ಕೊಡಾಕ್ರೋಮ್ ಸಿಕ್ಕರೆ ಕಪ್ಪು ಬಿಳುಪಿನಲ್ಲಿ ತೊಳೆಯಬಹುದು. ಬಣ್ಣ ಹೋಯಿತು.

ನನ್ನ ಕ್ಯಾಟಲಾಗ್ ಒಂದು ಕೊಡಾಕ್ರೋಮ್ ರೋಲ್ ಆಗಿತ್ತು, ನನಗೆ ಗೊತ್ತೇ ಇರಲಿಲ್ಲ.

ಡಿಜಿಟಲ್‌ಗೂ ಒಂದು ಸಿ-41 ಬೇಕು ಅಂತ ಯೋಚಿಸಿದವರಿದ್ದಾರೆ. ಅಡೋಬಿ 2004ರಲ್ಲಿ ಡಿಎನ್‌ಜಿ ಅಂತ ಒಂದು ರಾ ವಿನ್ಯಾಸವನ್ನು ಬಹಿರಂಗವಾಗಿ ಪ್ರಕಟಿಸಿ, ಯಾರು ಬೇಕಾದರೂ ರಾಯಧನ ಕೊಡದೆ ಬಳಸಿ ಅಂತು. ಲೈಕಾ, ಪೆಂಟಾಕ್ಸ್, ರಿಕೋ ಒಪ್ಪಿಕೊಂಡವು. ತಮಾಷೆ ಅಂದ್ರೆ ನಿಮ್ಮ ಜೇಬಿನಲ್ಲಿರೋ ಫೋನ್ ರಾ ತೆಗೆದರೆ ಬರೋದು ಬಹುತೇಕ ಡಿಎನ್‌ಜಿಯೇ. ಆಂಡ್ರಾಯ್ಡ್ 2014ರಲ್ಲೇ ಅದನ್ನು ತಂದಿತು, ಐಫೋನ್ 2016ರಲ್ಲಿ. ಲಕ್ಷ ಲಕ್ಷ ಕೊಟ್ಟು ತಗೊಳ್ಳೋ ಕ್ಯಾಮೆರಾಗಳ ಪೈಕಿ ಕ್ಯಾನನ್, ನಿಕಾನ್, ಸೋನಿಗಳದ್ದು ಮಾತ್ರ ತಂತಮ್ಮ ಗುಟ್ಟಿನ ಪೆಟ್ಟಿಗೆ. ಕ್ಯಾನನ್ 2018ರಲ್ಲಿ ಸಿಆರ್3 ಅಂತ ಹೊಸ ಪೆಟ್ಟಿಗೆ ತಂದಾಗ, ಡಾರ್ಕ್‌ಟೇಬಲ್ ಅನ್ನೋ ಇನ್ನೊಂದು ಸ್ವತಂತ್ರ ಸಾಫ್ಟ್‌ವೇರ್ ಬಳಸುವವರು ಅದು ತೆರೆಯೋಕೆ 2021ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಮೂರು ವರ್ಷಕ್ಕೂ ಮೇಲೆ, ತಾನೇ ತೆಗೆದ ಫೋಟೊ ತನಗೆ ಬೇಕಾದ ಕಡೆ ತೆರೆಯೋಕೆ.

ಕಂಪನಿಗಳ ಕಡೆಗೂ ನ್ಯಾಯ ಇಲ್ಲ ಅಂತಲ್ಲ. ಸೆನ್ಸರ್ ಒಳಗಿನ ಕುಶಲ ಅವರ ಅನ್ನ. ಇವತ್ತು ವಿನ್ಯಾಸ ಪ್ರಕಟಿಸಿದರೆ ನಾಳೆ ಬದಲಾಯಿಸೋದು ಕಷ್ಟ. ಬೇರೆಯವರ ಸಾಫ್ಟ್‌ವೇರ್‌ನಲ್ಲಿ ಚರ್ಮದ ಬಣ್ಣ ಕೆಟ್ಟರೆ ಬೈಸಿಕೊಳ್ಳೋದು ಕ್ಯಾಮೆರಾ ಮಾಡಿದವರೇ. ಡಿಎನ್‌ಜಿ ಕೂಡ ಒಂದು ಕಂಪನಿಯ ಕೈಕೂಸೇ ತಾನೇ ಅನ್ನೋ ಅನುಮಾನವೂ ಇದೆ, ಅದನ್ನು ತಳ್ಳಿಹಾಕೋಕೆ ಆಗಲ್ಲ. ಆದರೆ ನಾನು ಕೇಳ್ತಿರೋದು ಅವರ ಕುಶಲದ ಗುಟ್ಟನ್ನಲ್ಲ. ನಿಮ್ಮ ಫಿಲ್ಟರ್ ನಿಮಗಿರಲಿ, ನನ್ನ ಡಿಕಾಕ್ಷನ್ ನನಗೆ ಕೊಡಿ ಅಂತ ಅಷ್ಟೇ.

ಇರಲಿ. ಅಜ್ಜಿಗೆ ವಾಪಸ್ ಬರ್ತೀನಿ.

ಭಾನುವಾರ ಬೆಳಿಗ್ಗೆ ಮತ್ತೆ ತಿದ್ದೋಕೆ ಕೂತೆ. 2009ರಲ್ಲಿ ಏನು ಮಾಡಿದ್ದೆ ಅಂತ ಒಂದಿಷ್ಟೂ ನೆನಪಿಲ್ಲ. ಬೆಂಕಿಯ ಬೆಳಕು ಸುಮಾರು 2000 ಕೆಲ್ವಿನ್, ಮೋಡದ ಬೆಳಕು 6500ರ ಮೇಲೆ. ಎರಡರ ನಡುವೆ ಎಲ್ಲಿ ನಿಲ್ಲಬೇಕು? ಬಿಳಿ ಯಾವುದು ಅಂತ ತೋರಿಸಿದರೆ ಸಾಫ್ಟ್‌ವೇರ್ ತಾನೇ ಲೆಕ್ಕ ಹಾಕತ್ತೆ. ಅಜ್ಜಿಯ ಹಿಂದೆ ಸುಣ್ಣದ ಗೋಡೆ ಇತ್ತಲ್ಲ, ಅದರ ಮೇಲೆ ಕ್ಲಿಕ್ ಮಾಡಿದೆ. ಅಜ್ಜಿ ಅರಿಶಿನ ಹಚ್ಚಿಕೊಂಡ ಹಾಗೆ ಹಳದಿ ತಿರುಗಿದಳು.

ಹಿಂದೆ ಪೇಪರ್ ಓದ್ತಾ ಕೂತಿದ್ದ ಅಪ್ಪ ಕನ್ನಡಕ ಏರಿಸಿಕೊಂಡು ಎದ್ದು ಬಂದರು. "ಅಮ್ಮ ಹಾಗಿರ್ಲಿಲ್ಲ ಕಣೋ."

"ಗೋಡೆ ಬಿಳಿ ಅಲ್ವಾ ಅಪ್ಪ, ಅದನ್ನಿಟ್ಟುಕೊಂಡೇ ಲೆಕ್ಕ ಹಾಕಿದ್ದು."

"ಯಾರು ಹೇಳಿದ್ದು ಬಿಳಿ ಅಂತ? ಸುಣ್ಣಕ್ಕೆ ನೀಲಿ ಬೆರೆಸ್ತಿದ್ವಿ. ಪ್ರತಿ ವರ್ಷ ದೀಪಾವಳಿಗೆ ನಾನೇ ಬಳೀತಿದ್ದೆ."

ಯಾವ ಕಂಪನಿಯ ಯಾವ ಪ್ರೊಫೈಲಿನಲ್ಲೂ ಇಲ್ಲದ ಮಾಹಿತಿ ಇದು. ಕುರ್ಚಿ ಎಳೆದುಕೊಟ್ಟೆ. ಅಪ್ಪ ಕೂತರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಹಿ ತಾಳೆ ನೋಡಿದ ಮನುಷ್ಯ, ಹಾಗೆಯೇ ನೋಡ್ತಾ ಹೋದರು. ಇಷ್ಟು ಕೆಂಪು ಬೇಡ. ಈಗ ಕಳೆಗುಂದಿತು. ಆ ಸೀರೆ ಪಾಚಿಹಸಿರು, ನೀಲಿ ಅಲ್ಲ. ಮೂಗುಬೊಟ್ಟು ಒಂದು ಚೂರು ಹೊಳೀಬೇಕು, ಅಮ್ಮಂದು ಒಲೆ ಮುಂದೆ ಕೂತರೆ ಹೊಳೀತಿತ್ತು. ಸ್ಲೈಡರ್ 4350ಕ್ಕೆ ಬಂದಾಗ ಅಪ್ಪ ಏನೂ ಹೇಳಲಿಲ್ಲ. ಸುಮಾರು ಹೊತ್ತು ಏನೂ ಹೇಳಲಿಲ್ಲ. ಅಲ್ಲಿಗೇ ಬಿಟ್ಟೆ.

ಹಳೇದಕ್ಕಿಂತ ಚೆನ್ನಾಗಿ ಬಂತಾ? ಗೊತ್ತಿಲ್ಲ. ಹೋಲಿಸೋಕೆ ಹಳೇದು ಇಲ್ಲವಲ್ಲ. ಹಳೇದರಲ್ಲಿ ಇಪ್ಪತ್ತೈದು ವರ್ಷದ ಹುಡುಗನ ಕಣ್ಣಿತ್ತು, ಅದು ಹೋಯಿತು, ಅದರ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ.

ಕೊನೆಗೆ ಕ್ರಾಪ್ ಮಾಡೋಣ ಅಂತ ಪೂರ್ತಿ ಚೌಕಟ್ಟು ತೆರೆದೆ. ಎಡ ಅಂಚಿನಲ್ಲಿ ಕತ್ತಲಲ್ಲಿ ಏನೋ ಇತ್ತು. ನೆರಳು ಸ್ವಲ್ಪ ಮೇಲೆತ್ತಿದೆ. ಆ 4096 ಮೆಟ್ಟಿಲಿನ ಕೆಳಗಿನ ಮೆಟ್ಟಿಲುಗಳಿಂದ ಒಂದು ಕೈ ಎದ್ದು ಬಂತು. ಲೋಟ ಹಿಡಿದು ಒಲೆ ಕಡೆ ಚಾಚಿದ ಕೈ. ಹೆಬ್ಬೆರಳಿನ ಉಗುರು ನಡುವೆ ಸೀಳಿದೆ.

"ಅಪ್ಪಯ್ಯನ ಕೈ" ಅಂದರು ಅಪ್ಪ.

ಅಡಿಕೆ ಸುಲಿಯುವ ಕತ್ತಿ ತಾಗಿ ಸೀಳಿದ ಉಗುರು ಅದು. ಅಜ್ಜ ಕ್ಯಾಮೆರಾ ಕಂಡರೆ ಎದ್ದು ತೋಟಕ್ಕೆ ಹೋಗಿಬಿಡುತ್ತಿದ್ದರು. ಅಜ್ಜಿಗಿಂತ ಒಂದು ವರ್ಷ ಮುಂಚೆ ಹೋದರು. ಒಟ್ಟಿಗೆ ಇರುವ ಒಂದು ಫೋಟೊ ಇಲ್ಲ ಮನೆಯಲ್ಲಿ. ಅವತ್ತು ಎರಡನೇ ಕಾಫಿಗೆ ಕೈ ಚಾಚಿದ್ದಾರೆ, ನಾನು ಬೆಂಗಳೂರಿನಿಂದ ಕಲಿತು ಬಂದ ಕಾಂಪೊಸಿಷನ್ ಪಾಠ ನೆನೆದು ಆ ಕೈ ಕತ್ತರಿಸಿ ಎಸೆದಿದ್ದೆ. ನಾನು ಎಸೆದರೂ ರಾ ಫೈಲ್ ಎಸೆದಿರಲಿಲ್ಲ.

ಕ್ರಾಪ್ ಮಾಡಲಿಲ್ಲ.

ಇನ್ನೊಂದು ವಿಷಯ ಹೇಳದೆ ಇದ್ದರೆ ಸರಿಯಾಗಲ್ಲ. ಆ ಸೋಮವಾರ ಆಫೀಸಿಗೆ ಹೋದಾಗ ನಮ್ಮ ಬ್ಯಾಕ್‌ಲಾಗ್‌ನಲ್ಲಿ ಒಂದು ಟಿಕೆಟ್ ಹುಡುಕಿದೆ. ನಾವು ಮಾಡೋದು ಚಿಕ್ಕ ಅಂಗಡಿಗಳ ಲೆಕ್ಕಪತ್ರದ ಸಾಫ್ಟ್‌ವೇರ್. ಎರಡು ವರ್ಷದ ಹಿಂದೆ ಒಬ್ಬ ಗಿರಾಕಿ, ನನ್ನ ಲೆಕ್ಕವನ್ನೆಲ್ಲ ಬೇರೆ ಕಡೆ ತೆರೆಯೋ ಹಾಗೆ ಇಳಿಸಿಕೊಳ್ಳೋಕೆ ಒಂದು ಬಟನ್ ಕೊಡಿ ಅಂದಿದ್ದರು. ಮೀಟಿಂಗಿನಲ್ಲಿ ಯಾರೋ, ಬಟನ್ ಕೊಟ್ಟರೆ ಬಿಟ್ಟು ಹೋಗೋದು ಸುಲಭ ಆಗತ್ತಲ್ಲ ಅಂದರು. ಎಲ್ಲರೂ ನಕ್ಕೆವು. ಟಿಕೆಟ್ಟಿಗೆ ಕೊನೆಯ ಆದ್ಯತೆ ಹಾಕಿದ ಕೈ ನನ್ನದೇ, ಹಿಸ್ಟರಿಯಲ್ಲಿ ನನ್ನ ಹೆಸರಿದೆ. ಅದನ್ನು ಮೇಲಕ್ಕೆ ತಂದೆ. ಕಾರಣ ಅನ್ನೋ ಕಡೆ ಏನು ಬರೀಬೇಕು ತೋಚಲಿಲ್ಲ. ಅಜ್ಜಿ ಅಂತ ಬರೆಯೋಕಾಗತ್ತಾ? ಮ್ಯಾನೇಜರ್ ಇನ್ನೂ ಪ್ರಶ್ನೆಗಳನ್ನು ಕೇಳ್ತಾ ಇದ್ದಾರೆ. ಮುಂದಿನ ಕ್ವಾರ್ಟರ್ ನೋಡೋಣ ಅಂತಿದ್ದಾರೆ. ನಾನೂ ಬಿಟ್ಟಿಲ್ಲ.

ತಿಥಿಗೆ ಎರಡು ದಿನ ಮುಂಚೆ ಊರಿಗೆ ಹೋದೆವು. ಪ್ರಿಂಟ್ ಬೆಂಗಳೂರಿನಲ್ಲೇ ಹಾಕಿಸಿ, ಕಟ್ಟು ಮಾತ್ರ ಕೊಪ್ಪದಲ್ಲಿ ಹಾಕಿಸಿದ್ದು. ದೊಡ್ಡಪ್ಪ ಫೋಟೊ ನೋಡಿದರು. ಅಜ್ಜಿಯನ್ನು ನೋಡಿ ತಲೆಯಾಡಿಸಿದರು. ಆಮೇಲೆ ಎಡಗಡೆಗೆ ಬಗ್ಗಿ, ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ದೊಡ್ಡಮ್ಮನನ್ನು ಕರೆದರು.

ಊಟ ಆದಮೇಲೆ ಒಂದು ಪೆನ್ ಡ್ರೈವ್ ಕೊಟ್ಟೆ. ಅದರಲ್ಲಿ ನಾಲ್ಕು ಫೈಲ್. ರಾ, ಅದರ ಪಕ್ಕದಲ್ಲಿ ರಾಥೆರಪಿ ಬರೆದಿಟ್ಟ ಪುಟ್ಟ ಪಠ್ಯದ ಫೈಲು, ಒಂದು ಟಿಫ್, ಒಂದು ಜೆಪೆಗ್. ಆ ಪಠ್ಯದ ಫೈಲನ್ನು ಯಾವ ನೋಟ್‌ಪ್ಯಾಡಿನಲ್ಲಿ ತೆರೆದರೂ 4350 ಅನ್ನೋ ಅಂಕಿ ಕಣ್ಣಿಗೆ ಕಾಣುತ್ತದೆ. ಬೇರೆ ಸಾಫ್ಟ್‌ವೇರ್ ಅದನ್ನು ಪಾಲಿಸುತ್ತೆ ಅಂತಲ್ಲ, ಆದರೆ ಮನುಷ್ಯ ಓದಬಹುದು.

"ಮತ್ತೆ ಬೂಷ್ಟು ಹಿಡಿದರೆ ಇದನ್ನ ಯಾವ ಸ್ಟುಡಿಯೋಗೆ ಬೇಕಾದ್ರೂ ಕೊಡಬಹುದಾ?" ಅಂತ ದೊಡ್ಡಪ್ಪ ಕೇಳಿದರು.

"ಜೆಪೆಗ್ ಅಂತೂ ಯಾರು ಬೇಕಾದರೂ ತೆಗೀತಾರೆ. ಇನ್ನೊಂದನ್ನ ಗೊತ್ತಿರೋರ ಹತ್ರ ತೆಗೆಸಿ."

"ನೆಗೆಟಿವ್ ಯಾವುದು ಇದರಲ್ಲಿ?"

ರಾ ಫೈಲಿನ ಹೆಸರು ಹೇಳಿದೆ. ನಾಲ್ಕು ಅಕ್ಷರ, ನಾಲ್ಕು ಅಂಕಿ. ದೊಡ್ಡಪ್ಪ ಕಪಾಟಿನಿಂದ ಜಮೀನಿನ ಕಾಗದಪತ್ರ ಇಡುವ ತಗಡಿನ ಪೆಟ್ಟಿಗೆ ತೆಗೆದರು. ಒಂದು ಹಳೇ ಲಕೋಟೆಯಲ್ಲಿ ಪೆನ್ ಡ್ರೈವ್ ಹಾಕಿ, ಮೇಲೆ ಬಾಲ್ ಪೆನ್ನಿನಲ್ಲಿ ಆ ಹೆಸರು ಬರೆದುಕೊಂಡರು. ಅದರ ಕೆಳಗೆ, ಸ್ವಲ್ಪ ಯೋಚಿಸಿ, ದುಂಡಗೆ ಬರೆದರು: ಅಮ್ಮ, ಒಲೆ ಮುಂದೆ. ಅಪ್ಪಯ್ಯನ ಕೈ ಸಹಿತ.